ತಲೆಗೆಷ್ಟು ಕಲ್ಲಿದ್ದಲು?

ಗಡಿಯಲ್ಲಿ ಬಾಳುವವರಿಗೆ ಒಂದು ವಸ್ತುವಿಗೆ ಎರಡು ಹೆಸರು ಗೊತ್ತಿರುವುದು ಸಹಜ. ಇಂದು ನಾವು ಮಾತಾಡಲಿರುವ ವಸ್ತುವನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ನಾವು ಅದನ್ನು ಕಲ್ಲಿದ್ದಲು ಎನ್ನುತ್ತೇವೆ. ಸೊಲ್ಲಾಪುರದ ಪೇಟೆಯಲ್ಲಿ ಅದು ‘ದಗಡಿ ಕೋಳಸಾ’. ಆದೋನಿ, ರಾಯದುರ್ಗದ ಕಡೆಯ ತೆಲುಗಿನಲ್ಲಿ ‘ಬೊಗ್ಗು’. ಹಳಬರ ಬಾಯಲ್ಲಿ ‘ರಾಕ್ಷಸಿ ಬೊಗ್ಗು’. ಹೊಸೂರು, ತಾಳವಾಡಿಯ ತಮಿಳಿನಲ್ಲಿ ‘ನಿಲಕ್ಕರಿ’. ಕಾಸರಗೋಡು, ವಯನಾಡಿನ ಮಲಯಾಳದಲ್ಲಿ ‘ಕಲ್ಕರಿ’. ಒಬ್ಬರು ಅದನ್ನು ಕಲ್ಲೆಂದರು, ಒಬ್ಬರು ನೆಲವೆಂದರು, ಒಬ್ಬರು ರಾಕ್ಷಸಿಯೆಂದರು. ಮೂರೂ ಮಾತು ನಿಜವೇ.

ಹೆಸರು ಇಷ್ಟಿದ್ದರೂ, ಆ ವಸ್ತುವನ್ನು ನಮ್ಮ ಅಡುಗೆಮನೆಯಲ್ಲಿ ಕಂಡವರು ಎಷ್ಟು ಮಂದಿ? ಬಯಲುಸೀಮೆಯವರ ಒಲೆಗೆ ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ. ಕರಾವಳಿಯವರ ಒಲೆಗೆ ತೆಂಗಿನ ಮಡಲು, ಚಿಪ್ಪು. ಕಾಡಿನ ಅಂಚಿನವರಿಗೆ ಒಣಸೌದೆ. ಈಗ ಬಹಳ ಮನೆಗಳಲ್ಲಿ ಗ್ಯಾಸ್ ಸಿಲಿಂಡರು. ಕಲ್ಲಿದ್ದಲನ್ನು ಕೈಯಲ್ಲಿ ಮುಟ್ಟದೆಯೇ ಮುದುಕರಾದವರು ನಮ್ಮ ಊರುಗಳಲ್ಲಿ ತುಂಬಾ ಮಂದಿ ಇದ್ದಾರೆ. ಆದರೆ ದೇಶದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಇಂದು ಭಾರತದಲ್ಲಿ ಪ್ರತಿಯೊಬ್ಬರ ಹೆಸರಿನಲ್ಲಿ, ತೊಟ್ಟಿಲಿನ ಕೂಸನ್ನೂ ಸೇರಿಸಿ, ದಿನಕ್ಕೆ ಸುಮಾರು 2 ಕಿಲೋ 400 ಗ್ರಾಂ ಕಲ್ಲಿದ್ದಲು ಸುಡುತ್ತಿದೆ. ನಾವು ಮುಟ್ಟದ ಈ ಕರಿ ನಮ್ಮ ತಲೆಯ ಮೇಲೆ ಹೇಗೆ ಬಂತು? ಯಾವಾಗಿನಿಂದ ಬಂತು? ಅದು ನಿಜವಾಗಿಯೂ ನಮ್ಮದೇ? ಇಂದಿನ ಮಾತು ಇದು.

ಮೊದಲು ಲೆಕ್ಕದ ರೀತಿ ತಿಳಿದುಕೊಳ್ಳೋಣ. ಒಂದು ವರ್ಷದಲ್ಲಿ ದೇಶದ ಗಣಿಗಳಿಂದ ತೆಗೆದ ಕಲ್ಲಿದ್ದಲಿಗೆ ಹೊರದೇಶದಿಂದ ತರಿಸಿದ್ದನ್ನು ಕೂಡಿಸಿ, ಜನಸಂಖ್ಯೆಯಿಂದ ಭಾಗಿಸಬೇಕು. ಬರುವ ಉತ್ತರವೇ ತಲಾ ಬಳಕೆ. ನಾನು ಇಲ್ಲಿ ಹೇಳುವ ಅಂಕಿಗಳಲ್ಲಿ ನೈವೇಲಿಯ ಕಂದು ಕಲ್ಲಿದ್ದಲನ್ನು ಸೇರಿಸಿಲ್ಲ; ಪೈಸೆ ಪೈಸೆಯ ಲೆಕ್ಕವೂ ಇದಲ್ಲ. ದಾರಿ ಎತ್ತ ಸಾಗಿದೆ ಎಂದು ತಿಳಿಯಲು ಇಷ್ಟು ಸಾಕು.

ಕಥೆ ಬಂಗಾಳದಲ್ಲಿ ಶುರುವಾಗುತ್ತದೆ. 1774ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರರಾದ ಸಮ್ನರ್ ಮತ್ತು ಹೀಟ್ಲಿ ಎಂಬವರು ದಾಮೋದರ ನದಿಯ ದಂಡೆಯ ರಾಣಿಗಂಜ್ ಪ್ರದೇಶದಲ್ಲಿ ಗಣಿ ತೋಡಿಸಿದರು. ಕೊಳ್ಳುವವರೇ ಇರಲಿಲ್ಲ. ಸೌದೆ ಅಗ್ಗವಾಗಿರುವ ನಾಡಿನಲ್ಲಿ ಕರಿಯ ಕಲ್ಲನ್ನು ಯಾರು ಕೇಳುತ್ತಾರೆ? ಅರವತ್ತು ವರ್ಷಗಳ ಮೇಲೆ, 1836ರಲ್ಲಿ, ಕವಿ ರವೀಂದ್ರನಾಥರ ಅಜ್ಜ ದ್ವಾರಕಾನಾಥ ಟಾಗೋರರು ರಾಣಿಗಂಜ್ ಗಣಿಯನ್ನು ಕೊಂಡರು. ಆಗ ನದಿಯಲ್ಲಿ ಓಡುವ ಉಗಿಹಡಗುಗಳೇ ಮುಖ್ಯ ಗಿರಾಕಿ.

ಕಲ್ಲಿದ್ದಲಿಗೆ ನಿಜವಾದ ಹಸಿವು ಹುಟ್ಟಿದ್ದು ರೈಲಿನಿಂದ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. 1855ರಲ್ಲಿ ಹೌರಾದಿಂದ ಹೊರಟ ಹಳಿ ರಾಣಿಗಂಜ್ ಮುಟ್ಟಿತು. ಕಲ್ಲಿದ್ದಲನ್ನು ಹೊತ್ತು ತರುವುದೂ ರೈಲು, ಅದನ್ನು ಸುಡುವುದೂ ರೈಲು. ಎತ್ತಿನ ಗಾಡಿ ಮೇವು ಹೊತ್ತಂತೆ.

ನಮ್ಮ ಕಡೆಗೂ ಹಳಿ ಬಂತು. ಸೊಲ್ಲಾಪುರವನ್ನು ದಾಟಿ ಬಂದ ಮುಂಬಯಿಯ ಹಳಿಯೂ ಗುಂತಕಲ್ಲು, ಆದೋನಿಯ ಕಡೆಯಿಂದ ಬಂದ ಮದ್ರಾಸಿನ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೈಕೂಡಿಸಿದವು. ಆದರೆ ಬಂಗಾಳದ ಕಲ್ಲಿದ್ದಲು ಇಲ್ಲಿಗೆ ದೂರ. ಮುಂಬಯಿಯ ಕಡೆಯ ಎಂಜಿನ್‌ಗಳಿಗೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಕಲ್ಲಿದ್ದಲು ಬರುತ್ತಿತ್ತು. ಮದ್ರಾಸಿನ ಕಡೆಯ ಎಂಜಿನ್‌ಗಳು ಬಹುಕಾಲ ಸೌದೆಯನ್ನೇ ತಿಂದವು. ಹಳಿಯ ಅಕ್ಕಪಕ್ಕದ ಗುಡ್ಡಗಳು ಬೋಳಾದದ್ದು ಹೀಗೆ. ಅದೇ 1871ರಲ್ಲಿ ಭೂವಿಜ್ಞಾನ ಸರ್ವೇಕ್ಷಣೆಯ ಡಾ. ವಿಲಿಯಂ ಕಿಂಗ್ ಅವರು ಅಂದಿನ ನಿಜಾಮರ ರಾಜ್ಯದ, ಇಂದಿನ ತೆಲಂಗಾಣದ ಯೆಲ್ಲಂದು ಎಂಬಲ್ಲಿ ಕಲ್ಲಿದ್ದಲಿನ ಪದರ ಕಂಡುಹಿಡಿದರು. 1889ರಲ್ಲಿ ಅಲ್ಲಿ ಗಣಿಗಾರಿಕೆ ಮೊದಲಾಯಿತು. ಪಕ್ಕದ ಹಳ್ಳಿಯ ಹೆಸರೇ ಗಣಿಗೂ ಬಂತು: ಸಿಂಗರೇಣಿ. ದಕ್ಷಿಣದ ರೈಲುಗಳಿಗೆ ಹತ್ತಿರದ ಕಲ್ಲಿದ್ದಲು ಸಿಕ್ಕಿತು.

ಈಗ ಮೊದಲ ಲೆಕ್ಕ. 1900ರಲ್ಲಿ ಇಡೀ ಹಿಂದೂಸ್ಥಾನದಲ್ಲಿ ತೆಗೆದ ಕಲ್ಲಿದ್ದಲು ಸುಮಾರು 61 ಲಕ್ಷ ಟನ್. 1901ರ ಜನಗಣತಿಯಂತೆ ಜನ 29 ಕೋಟಿ. ಭಾಗಿಸಿದರೆ ತಲೆಗೆ ವರ್ಷಕ್ಕೆ 21 ಕಿಲೋ. ದಿನಕ್ಕೆ 57 ಗ್ರಾಂ. ಒಂದು ನಿಂಬೆಹಣ್ಣಿನ ತೂಕ ಎಂದಿಟ್ಟುಕೊಳ್ಳಿ. ಆ ನಿಂಬೆಹಣ್ಣೂ ರೈತನ ಮನೆಗೆ ಬರಲಿಲ್ಲ. ಅದು ರೈಲಿನ ಎಂಜಿನ್ನಿನಲ್ಲಿ, ಮುಂಬಯಿ, ಸೊಲ್ಲಾಪುರದಂಥ ಊರುಗಳ ಬಟ್ಟೆ ಗಿರಣಿಗಳಲ್ಲಿ, ಕಲ್ಕತ್ತೆಯ ಸೆಣಬಿನ ಗಿರಣಿಗಳಲ್ಲಿ ಉರಿಯಿತು. ಸೊಲ್ಲಾಪುರದ ಹಳೆಯ ಗಿರಣಿ ಹುಟ್ಟಿದ್ದು 1877ರಲ್ಲಿ. ದೊಡ್ಡ ಬರಗಾಲ ಬಳ್ಳಾರಿ, ಸೊಲ್ಲಾಪುರ, ಮೈಸೂರು ಸೀಮೆಗಳನ್ನು ಸುಡುತ್ತಿದ್ದ ಕಾಲ ಅದು. ಹಸಿದ ಊರಿಗೆ ಧಾನ್ಯ ತಂದದ್ದೂ ರೈಲೇ. ಹೆಚ್ಚು ಬೆಲೆ ಸಿಕ್ಕ ಕಡೆಗೆ ಧಾನ್ಯ ಒಯ್ದದ್ದೂ ರೈಲೇ. ಕಲ್ಲಿದ್ದಲಿನ ಬೆಂಕಿ ನಮ್ಮ ಊರಿಗೆ ಮೊದಲು ಕಾಣಿಸಿಕೊಂಡದ್ದು ಈ ಎರಡು ಮುಖಗಳಿಂದ.

ಮುಂದಿನ ಅರ್ಧ ಶತಮಾನ ನಿಧಾನದ ಏರಿಕೆ. 1920ರ ಹೊತ್ತಿಗೆ ವರ್ಷಕ್ಕೆ 1.8 ಕೋಟಿ ಟನ್. ತಲೆಗೆ 56 ಕಿಲೋ. ಎರಡು ಮಹಾಯುದ್ಧಗಳು ಬೇಡಿಕೆಯನ್ನು ಏರಿಸಿದವು, ನಡುವಿನ ಮುಗ್ಗಟ್ಟು ಇಳಿಸಿತು. 1946ರಲ್ಲಿ 3 ಕೋಟಿ ಟನ್. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ಸುಮಾರು 3.5 ಕೋಟಿ ಟನ್. ಜನ 36 ಕೋಟಿ. ತಲೆಗೆ ನೂರು ಕಿಲೋಗೆ ಸ್ವಲ್ಪ ಕಡಿಮೆ. ದಿನಕ್ಕೆ ಕಾಲು ಕಿಲೋ. ಅದರಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ರೈಲುಗಳೇ ನುಂಗುತ್ತಿದ್ದವು.

ನಿಮ್ಮಲ್ಲಿ ವಯಸ್ಸಾದವರಿಗೆ ಆ ಕಾಲದ ನೆನಪು ಇರಬೇಕು. ಗುಂತಕಲ್ಲು, ಹೊಟಗಿ ಜಂಕ್ಷನ್ನುಗಳಲ್ಲಿ ಎಂಜಿನ್ ನೀರು ಕುಡಿಯುತ್ತ ನಿಂತಿರುತ್ತಿತ್ತು. ಕಿಟಕಿಯ ಪಕ್ಕ ಕುಳಿತು ಮುಖ ಹೊರಗೆ ಹಾಕಿದ ಹುಡುಗನಿಗೆ ಕಣ್ಣಲ್ಲಿ ಕರಿಯ ಚೂರು, ಬೆನ್ನಿಗೆ ತಾಯಿಯ ಪೆಟ್ಟು. ಮದುವೆಗೆಂದು ಉಟ್ಟ ಬಿಳಿಯ ಪಂಚೆ ಊರು ಮುಟ್ಟುವಷ್ಟರಲ್ಲಿ ಬೂದಿಬಣ್ಣ. ಆಗ ಕಲ್ಲಿದ್ದಲು ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಬಡಿಯುತ್ತಿತ್ತು. ಸುಡುತ್ತಿದ್ದದ್ದು ಕಡಿಮೆ, ಕಾಣುತ್ತಿದ್ದದ್ದು ಹೆಚ್ಚು. ಈಗ ತಿರುವುಮುರುವು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1972ರಲ್ಲಿ ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಉಗಿ ಎಂಜಿನ್ನನ್ನು ಕಟ್ಟಿ ಮುಗಿಸಿತು. ಸರಿಯಾಗಿ ಅದೇ ಹೊತ್ತಿನಲ್ಲಿ ಗಣಿಗಳ ಒಡೆತನ ಬದಲಾಯಿತು. ಉಕ್ಕಿನ ಕುಲುಮೆಗೆ ಬೇಕಾದ ಜಾತಿಯ ಕಲ್ಲಿದ್ದಲಿನ ಗಣಿಗಳು 1972ರಲ್ಲಿ, ಉಳಿದ ಗಣಿಗಳು 1973ರಲ್ಲಿ ರಾಷ್ಟ್ರೀಕರಣಗೊಂಡವು. 1975ರಲ್ಲಿ ಕೋಲ್ ಇಂಡಿಯಾ ಸಂಸ್ಥೆ ಹುಟ್ಟಿತು. ಅದೇ ವರ್ಷ ಡಿಸೆಂಬರ್ 27ರಂದು ಧನಬಾದಿನ ಹತ್ತಿರ ಚಾಸನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಕಿಲೋ ಲೆಕ್ಕ ಹೇಳುವಾಗ ಈ ತಲೆಗಳ ಲೆಕ್ಕವನ್ನು ಮರೆಯಬಾರದು.

1973–74ರಲ್ಲಿ ದೇಶ ತೆಗೆದ ಕಲ್ಲಿದ್ದಲು 7.8 ಕೋಟಿ ಟನ್. ತಲೆಗೆ 135 ಕಿಲೋದಷ್ಟು. ನೂರಾರು ವರ್ಷ ನಡೆದೂ ಇಷ್ಟೇ. ನಿಜವಾದ ಓಟ ಶುರುವಾದದ್ದು ಇಲ್ಲಿಂದ. ಅದಕ್ಕೆ ಕಾರಣ ಕರೆಂಟು.

ಗಡಿಯ ಸುತ್ತ ಒಮ್ಮೆ ಕಣ್ಣಾಡಿಸಿ. ಕೃಷ್ಣಾ ನದಿಯ ದಂಡೆಯಲ್ಲಿ, ತೆಲಂಗಾಣದ ಮಗ್ಗುಲಲ್ಲೇ, ರಾಯಚೂರಿನ ಶಕ್ತಿನಗರದ ಉಷ್ಣಸ್ಥಾವರದ ಮೊದಲ ಘಟಕ 1985ರಲ್ಲಿ ಕೆಲಸಕ್ಕೆ ತೊಡಗಿತು. ಸಿಂಗರೇಣಿಯ ಕಲ್ಲಿದ್ದಲು ಅಲ್ಲಿಗೆ ಗೂಡ್ಸ್ ರೈಲಿನಲ್ಲಿ ಬಂತು. ಕಾಸರಗೋಡಿನ ಉತ್ತರಕ್ಕೆ ಉಡುಪಿ ಜಿಲ್ಲೆಯ ಪಡುಬಿದ್ರಿಯ ಹತ್ತಿರ, ಹಡಗಿನಲ್ಲಿ ಬರುವ ಹೊರದೇಶದ ಕಲ್ಲಿದ್ದಲಿನ ಸ್ಥಾವರ 2010ರಲ್ಲಿ ಬಂತು. ಸೊಲ್ಲಾಪುರದ ಹತ್ತಿರ 1,320 ಮೆಗಾವಾಟಿನ ಸ್ಥಾವರದ ಎರಡು ಘಟಕಗಳು 2017 ಮತ್ತು 2019ರಲ್ಲಿ ಬಂದವು. ಗೋವಾದ ಮರ್ಮಗೋವಾ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಘಟ್ಟ ಹತ್ತಿ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಕಲ್ಲಿದ್ದಲು ಎಲ್ಲಿಂದಲೋ ಬರುತ್ತದೆ, ಕರೆಂಟು ಎಲ್ಲಿಗೋ ಹೋಗುತ್ತದೆ. ನಡುವೆ ಹೊಗೆಗೊಳವೆ ನಮ್ಮ ದಿಗಂತದಲ್ಲಿ ನಿಂತಿರುತ್ತದೆ.

ಅಂಕಿಗಳನ್ನು ನೋಡಿ. 2000–01ರಲ್ಲಿ ದೇಶದ ಉತ್ಪಾದನೆ 31 ಕೋಟಿ ಟನ್ ದಾಟಿತ್ತು; ಹೊರಗಿನದನ್ನು ಕೂಡಿಸಿದರೆ ತಲೆಗೆ 320 ಕಿಲೋದ ಆಸುಪಾಸು. 2024–25ರಲ್ಲಿ ಉತ್ಪಾದನೆ 104 ಕೋಟಿ ಟನ್ ಮೀರಿತು. ಆಮದು ಇನ್ನೂ 24 ಕೋಟಿ ಟನ್. ಜನ 145 ಕೋಟಿ ಎಂದು ಹಿಡಿದರೆ ತಲೆಗೆ 900 ಕಿಲೋಗೆ ಸಮೀಪ. ನಿಂಬೆಹಣ್ಣು ಐವತ್ತು ವರ್ಷಕ್ಕೆ ಕಾಲು ಕಿಲೋ ಆಯಿತು. ಮತ್ತೆ ಐವತ್ತು ವರ್ಷಕ್ಕೆ ಒಂದು ಕಿಲೋದ ಹತ್ತಿರ. ಆಮೇಲೆ ಬರೀ ಇಪ್ಪತ್ನಾಲ್ಕು ವರ್ಷಗಳಲ್ಲಿ ಎರಡೂವರೆ ಕಿಲೋದ ಹತ್ತಿರ. ಜನಸಂಖ್ಯೆ ಹೆಚ್ಚಿದ್ದರಿಂದ ಕಲ್ಲಿದ್ದಲು ಹೆಚ್ಚಿತು ಎನ್ನುವವರಿಗೆ ಈ ಲೆಕ್ಕ ಉತ್ತರ. ಜನಸಂಖ್ಯೆಯಿಂದ ಭಾಗಿಸಿದ ಮೇಲೂ ಏರಿಕೆ ಉಳಿದಿದೆ.

ಇದು ಹೆಚ್ಚೋ ಕಡಿಮೆಯೋ? ತೂಗಿ ನೋಡಲು ಇನ್ನೊಂದು ತಕ್ಕಡಿ ಬೇಕು. ನಮ್ಮನ್ನು ಆಳಿದ ಬ್ರಿಟನ್ನನ್ನೇ ತೆಗೆದುಕೊಳ್ಳೋಣ. 1913ರಲ್ಲಿ ಆ ದೇಶ 28 ಕೋಟಿ 70 ಲಕ್ಷ ಟನ್ ತೆಗೆಯಿತು. ಮೂರರಲ್ಲಿ ಒಂದು ಪಾಲನ್ನು ಹೊರಗೆ ಕಳಿಸಿಯೂ, ಅಲ್ಲಿನ ನಾಲ್ಕೂವರೆ ಕೋಟಿ ಜನಕ್ಕೆ ತಲೆಗೆ ನಾಲ್ಕು ಟನ್ ಉಳಿಯಿತು. ದಿನಕ್ಕೆ 11 ಕಿಲೋ. ಒಂದು ಕೊಡ ನೀರಿನ ಭಾರ! ಅಲ್ಲಿ ಕಲ್ಲಿದ್ದಲು ಮನೆಮನೆಯ ಅಗ್ಗಿಷ್ಟಿಕೆಯಲ್ಲೂ ಉರಿಯುತ್ತಿತ್ತು. 1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಐದು ದಿನ ಕವಿದ ಹೊಗೆಮಂಜು ಸಾವಿರಾರು ಜನರನ್ನು ಕೊಂದಿತು. 1956ರಲ್ಲಿ ಶುದ್ಧಗಾಳಿಯ ಕಾನೂನು ಬಂತು. ಆಮೇಲೆ ಸಮುದ್ರದ ಅನಿಲ, ಅಣುಶಕ್ತಿ, ಗಾಳಿಯಂತ್ರಗಳು ಒಂದೊಂದಾಗಿ ಕಲ್ಲಿದ್ದಲಿನ ಜಾಗಕ್ಕೆ ಬಂದವು. 1984–85ರ ಗಣಿಕಾರ್ಮಿಕರ ದೊಡ್ಡ ಮುಷ್ಕರ ಸೋತಿತು. ಗಣಿಗಳ ಊರುಗಳು ಬಡವಾದವು. 2024ರ ಸೆಪ್ಟೆಂಬರ್ 30ರಂದು ಅಲ್ಲಿನ ಕಟ್ಟಕಡೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು. ಆ ವರ್ಷ ಅಲ್ಲಿ ಸುಟ್ಟದ್ದು ಸುಮಾರು 20 ಲಕ್ಷ ಟನ್ ಮಾತ್ರ. ತಲೆಗೆ 30 ಕಿಲೋ. 1900ರಲ್ಲಿ ನಾವಿದ್ದ ನಿಂಬೆಹಣ್ಣಿನ ಲೆಕ್ಕಕ್ಕೆ ಅವರು ಈಗ ಇಳಿದಿದ್ದಾರೆ.

ಅವರು ಬೆಟ್ಟ ಹತ್ತಿ ಇಳಿದರು. ನಾವು ಅವರ ಶಿಖರದ ಕಾಲುಭಾಗವನ್ನೂ ಹತ್ತಿಲ್ಲ. ಇಂದಿನ ಚೀನಾದಲ್ಲಿ ತಲೆಗೆ ಮೂರು ಟನ್‌ಗೂ ಹೆಚ್ಚು. ಅಮೆರಿಕದಲ್ಲಿ ಇಳಿದೂ ಇಳಿದೂ ಇನ್ನೂ ಒಂದು ಟನ್ ಮೇಲಿದೆ. ಇನ್ನೊಂದು ಸಂಗತಿಯನ್ನೂ ತಕ್ಕಡಿಗೆ ಹಾಕಬೇಕು. ಟನ್ನಿಗೂ ಟನ್ನಿಗೂ ವ್ಯತ್ಯಾಸವಿದೆ. ನಮ್ಮ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿ. ಒಳ್ಳೆಯ ಬ್ರಿಟಿಷ್ ಕಲ್ಲಿದ್ದಲು ಕೊಡುವಷ್ಟು ಕಾವು ನಮ್ಮ ಒಂದು ಟನ್ನಿನಿಂದ ಬರುವುದಿಲ್ಲ. ಹಾಗಾಗಿ ನಮ್ಮ 900 ಕಿಲೋದಿಂದ ಸಿಗುವ ಶಕ್ತಿ ಇನ್ನೂ ಕಡಿಮೆ, ಉಳಿಯುವ ಬೂದಿ ಇನ್ನೂ ಹೆಚ್ಚು. ಶಕ್ತಿನಗರದ ಸುತ್ತಲಿನವರಿಗೆ ಬೂದಿ ಎಂದರೇನೆಂದು ನಾನು ಹೇಳಬೇಕಾಗಿಲ್ಲ.

2021ರಲ್ಲಿ ಗ್ಲಾಸ್ಗೋ ನಗರದ ಹವಾಮಾನ ಸಮ್ಮೇಳನದಲ್ಲಿ, ಕಲ್ಲಿದ್ದಲನ್ನು ‘ತೊಲಗಿಸಬೇಕು’ ಎಂಬ ಮಾತನ್ನು ‘ತಗ್ಗಿಸಬೇಕು’ ಎಂದು ತಿದ್ದಿಸುವುದರಲ್ಲಿ ಭಾರತ ಮುಂದೆ ನಿಂತಿತ್ತು. ನಮ್ಮ ವಾದ ಈ ತಲಾ ಲೆಕ್ಕವೇ. ‘ನೀವು ನೂರು ವರ್ಷ ತಲೆಗೆ ನಾಲ್ಕು ಟನ್ ಸುಟ್ಟು ಶ್ರೀಮಂತರಾದಿರಿ, ನಮ್ಮವನ ಪಾಲಿಗೆ ಒಂದು ಟನ್ನೂ ಇಲ್ಲ’ ಎಂಬುದು ಅದರ ತಿರುಳು. ವಾದದಲ್ಲಿ ನ್ಯಾಯವಿದೆ. ಆದರೆ ಕೇಳುಗರೇ, ಆ ‘ನಮ್ಮವ’ ಯಾರು ಎಂದು ಒಂದು ಗಳಿಗೆ ಯೋಚಿಸೋಣ.

ನಿಮ್ಮ ಮನೆಯ ಕರೆಂಟು ಬಿಲ್ಲು ಕೈಗೆ ತೆಗೆದುಕೊಳ್ಳಿ. ಅದು ಮರಾಠಿಯಲ್ಲಿರಲಿ, ತಮಿಳಿನಲ್ಲಿರಲಿ, ಅಂಕಿ ಒಂದೇ. ಎರಡು ಮೂರು ದೀಪ, ಒಂದು ಫ್ಯಾನು, ಒಂದು ಟಿ.ವಿ., ಒಂದು ಮಿಕ್ಸಿ. ತಿಂಗಳಿಗೆ 50 ಯೂನಿಟ್ ಎಂದುಕೊಳ್ಳೋಣ. ವರ್ಷಕ್ಕೆ 600. ಮನೆಯಲ್ಲಿ ಐದು ಜನ. ತಲೆಗೆ 120 ಯೂನಿಟ್. ದೇಶದ ಕರೆಂಟಿನಲ್ಲಿ ಹತ್ತರಲ್ಲಿ ಏಳು ಪಾಲು ಕಲ್ಲಿದ್ದಲಿನದು. ಅಂದರೆ 84 ಯೂನಿಟ್. ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಹೀಗೆ ನಿಮ್ಮ ಮೀಟರಿನ ಮೂಲಕ ನಿಮ್ಮ ತಲೆಗೆ ಬಂದದ್ದು ವರ್ಷಕ್ಕೆ 60 ಕಿಲೋದ ಒಳಗೆ. ದಿನಕ್ಕೆ 160 ಗ್ರಾಂ.

ದೇಶದ ಲೆಕ್ಕದಲ್ಲಿ ನಿಮ್ಮ ಹೆಸರಿಗೆ ಬರೆದದ್ದು ದಿನಕ್ಕೆ 2,400 ಗ್ರಾಂ. ಮೀಟರು ಹೇಳುವುದು 160 ಗ್ರಾಂ. ಉಳಿದದ್ದು ಎಲ್ಲಿ?

ಎಲ್ಲವೂ ಪರರ ಪಾಲೆಂದು ಹೇಳಿದರೆ ಸುಳ್ಳಾದೀತು. ಹೊಲದ ಪಂಪ್‌ಸೆಟ್ಟು, ಮನೆಯ ಸ್ಲ್ಯಾಬಿಗೆ ಹಾಕಿದ ಸಿಮೆಂಟು, ಕಬ್ಬಿಣದ ಸರಳು, ಊರಿಗೆ ಬಂದ ರಸ್ತೆ, ನೀವು ಹತ್ತುವ ರೈಲು, ಎಲ್ಲದರಲ್ಲೂ ಕಲ್ಲಿದ್ದಲು ಅಡಗಿದೆ. ಆ ಪಾಲು ನಮ್ಮದೇ. ಆದರೆ ದೊಡ್ಡ ಪಾಲು ದೂರದ ಕಾರ್ಖಾನೆಗಳಲ್ಲಿ, ಗಾಜಿನ ಕಟ್ಟಡಗಳ ಹವಾನಿಯಂತ್ರಣದಲ್ಲಿ, ದೊಡ್ಡ ಪಟ್ಟಣಗಳ ರಾತ್ರಿಯ ಬೆಳಕಿನಲ್ಲಿ ಉರಿಯುತ್ತದೆ. ಸರಾಸರಿ ಎಂಬುದು ಪಂಕ್ತಿಯ ಊಟದಂತೆ ಕಾಣುತ್ತದೆ. ಎಲೆಗಳಲ್ಲಿ ಬಡಿಸಿದ್ದು ಒಂದೇ ಸಮವಾಗಿರುವುದಿಲ್ಲ. 1991ರ ಜನಗಣತಿಯಲ್ಲಿ ಹಳ್ಳಿಯ ನೂರು ಮನೆಗಳಲ್ಲಿ ಕರೆಂಟಿನ ದೀಪವಿದ್ದದ್ದು ಸುಮಾರು 30ರಲ್ಲಿ. 2011ರಲ್ಲೂ 55ರಲ್ಲಿ. ದೀಪವೇ ಇಲ್ಲದ ಮನೆಯ ತಲೆಗಳನ್ನೂ ಎಣಿಸಿಯೇ ದೇಶದ ತಲಾ ಲೆಕ್ಕ ಅಷ್ಟು ಸಣ್ಣದಾಗಿ ಕಂಡಿತು. ಬಡವನ ಕತ್ತಲೆ ಉಳ್ಳವನ ಬೆಳಕಿನ ಲೆಕ್ಕವನ್ನು ಹಗುರ ಮಾಡಿತು.

ಕಲ್ಲಿದ್ದಲು ತೆಗೆಯುವ ಕಡೆಯವರದು ಇನ್ನೊಂದು ಪಾಡು. ಜಾರ್ಖಂಡಿನ ಝರಿಯಾದಲ್ಲಿ ನೆಲದೊಳಗಿನ ಕಲ್ಲಿದ್ದಲಿಗೆ 1916ರಲ್ಲಿ ಕಾಣಿಸಿಕೊಂಡ ಬೆಂಕಿ ನೂರು ವರ್ಷ ಮೀರಿದರೂ ಆರಿಲ್ಲ. ಆ ನೆಲದ ಮೇಲೆ ಊರುಗಳಿವೆ. ದೇಶದ ಲೆಕ್ಕದಲ್ಲಿ ಅಲ್ಲಿನ ಕೂಸಿಗೂ ದಿನಕ್ಕೆ 2,400 ಗ್ರಾಂ.

ಆದ್ದರಿಂದ ಇಂದಿನ ಮಾತಿನ ಸಾರ ಇಷ್ಟು. ತಲಾ ಲೆಕ್ಕ ಸುಳ್ಳಲ್ಲ. ದೇಶ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಹೊರಗಿನವರ ಮುಂದೆ ನ್ಯಾಯ ಕೇಳಲು ಅದು ಬೇಕು. ಆದರೆ ಹೊರಗೆ ತಲೆ ಎಣಿಸಿ ನ್ಯಾಯ ಕೇಳುವವರು ಒಳಗೂ ತಲೆ ಎಣಿಸಿಯೇ ನ್ಯಾಯ ಮಾಡಬೇಕು. ನಾಳೆ ಕಲ್ಲಿದ್ದಲು ಇಳಿಸುವ ದಿನ ಬಂದಾಗ, ಅದು ಬಂದೇ ಬರುತ್ತದೆ, ಮೊದಲು ಯಾರ ಪಾಲು ಇಳಿಯಬೇಕು? 2,400 ಗ್ರಾಮಿನ ಹೆಸರಿನಲ್ಲಿ 160 ಗ್ರಾಂ ಸುಟ್ಟವನದೋ, ಅವನ ಹೆಸರಿನಲ್ಲಿ ಉಳಿದದ್ದನ್ನು ಸುಟ್ಟವನದೋ? ಬ್ರಿಟನ್ ಇಳಿಯುವಾಗ ಗಣಿಯ ಊರುಗಳನ್ನು ಕೈಬಿಟ್ಟ ತಪ್ಪು ಕೊತ್ತಗೂಡೆಂನಲ್ಲಿ, ಧನಬಾದಿನಲ್ಲಿ ಆಗದಂತೆ ಯಾರು ನೋಡಿಕೊಳ್ಳುತ್ತಾರೆ?

ಇಳಿಯುವ ದಾರಿಯ ಒಂದು ತುದಿ ನಮ್ಮ ಗಡಿಯಲ್ಲೇ ಕಾಣುತ್ತಿದೆ. ಮಡಕಶಿರಾದ ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ 2019ರಲ್ಲಿ ಪೂರ್ತಿಯಾಯಿತು. ಮಳೆ ಕೈಕೊಟ್ಟ ಹೊಲಗಳನ್ನು ರೈತರಿಂದ ಕೊಳ್ಳದೆ, ವರ್ಷಕ್ಕೆ ಇಷ್ಟೆಂದು ಗುತ್ತಿಗೆಗೆ ಪಡೆದು ಬಿಸಿಲನ್ನು ಕೊಯ್ಯುತ್ತಿದ್ದಾರೆ. ಭೂಮಿ ಇದ್ದವನಿಗೆ ಬಾಡಿಗೆ ಬಂತು. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಏನು ಬಂತು ಎಂಬ ಪ್ರಶ್ನೆ ಅಲ್ಲೂ ಇದೆ. ಬೆಂಕಿ ಬದಲಾದರೂ ಬಡಿಸುವ ಕೈ ಬದಲಾಗದಿದ್ದರೆ ಪಂಕ್ತಿ ಹಾಗೆಯೇ ಉಳಿಯುತ್ತದೆ.

ಹಿಂದೆ ರೈಲಿನ ಹೊಗೆ ನಮ್ಮ ಪಂಚೆಗೆ ಮೆತ್ತಿಕೊಳ್ಳುತ್ತಿತ್ತು, ನಾವು ಕೊಡವಿಕೊಳ್ಳುತ್ತಿದ್ದೆವು. ಇಂದಿನ ಕಲ್ಲಿದ್ದಲು ತಂತಿಯಲ್ಲಿ ಬರುತ್ತದೆ, ಸಿಮೆಂಟಿನ ಚೀಲದಲ್ಲಿ ಬರುತ್ತದೆ, ಲೆಕ್ಕದ ಪುಸ್ತಕದಲ್ಲಿ ಬರುತ್ತದೆ. ಕಾಣದ ಕರಿಯನ್ನು ಕೊಡವಿಕೊಳ್ಳಲು ಬರುವುದಿಲ್ಲ, ಎಣಿಸಿಯೇ ತಿಳಿಯಬೇಕು. ಇಂದು ರಾತ್ರಿ ದೀಪ ಆರಿಸುವ ಮುನ್ನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಬಿಲ್ಲಿನ ಆ ಲೆಕ್ಕವನ್ನು ಒಮ್ಮೆ ಮಾಡಿಸಿ. ಯೂನಿಟ್ಟನ್ನು ಮನೆಯ ತಲೆಗಳಿಂದ ಭಾಗಿಸಲಿ, ಕಲ್ಲಿದ್ದಲಿನ ಪಾಲನ್ನು ತೆಗೆದು 700 ಗ್ರಾಮಿನಿಂದ ಗುಣಿಸಲಿ. ಬಂದ ಉತ್ತರವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಲಿ. ನಮ್ಮ ಪಾಲೆಷ್ಟು ಎಂದು ನಮಗೆ ಗೊತ್ತಿದ್ದರೆ, ನಾಳೆ ಯಾರಾದರೂ ನಮ್ಮ ತಲೆ ತೋರಿಸಿ ಲೆಕ್ಕ ಹೇಳಿದಾಗ ಎದ್ದು ನಿಂತು ಮಾತಾಡಬಹುದು. ಯಾವ ಭಾಷೆಯಲ್ಲಾದರೂ ಸರಿ.